ಐದು ಟಿಕ್ಕಿಗೆ ಒಂದು ಹೊಡೆತ

ಅಂತೂ ಆಲ್ಬಂ ಬಂತು. ಒಂಬತ್ತು ಹಾಡು, 41 ನಿಮಿಷ. ಶನಿವಾರ ಇಂದಿರಾನಗರದಲ್ಲಿ ಮೊದಲಿಂದ ಕೊನೆವರೆಗೆ ನುಡಿಸಿಯೂ ಆಯಿತು. ಮುಂದೆ ನಿಂತು ತಾಳಕ್ಕೆ ತಲೆ ಬೀಸುತ್ತಾ ಹೆಡ್‌ಬ್ಯಾಂಗ್ ಮಾಡುತ್ತಿದ್ದ ಹುಡುಗರಲ್ಲಿ ಅರ್ಧ ಜನ 2001ರಲ್ಲಿ ನಮ್ಮ ಬ್ಯಾಂಡ್ ಶುರುವಾದಾಗ ಹುಟ್ಟೇ ಇರಲಿಲ್ಲ. ನಮಗೆ ಬೀಸುವುದಕ್ಕೆ ಕೂದಲೇ ಉಳಿದಿಲ್ಲ, ಅದು ಬೇರೆ ಮಾತು.

ಗಿಟಾರ್ ನುಡಿಸುವ ನನ್ನ ಬಲಗೈಗೆ ಏನಾಗಿ ಆಪರೇಷನ್ ಆಯಿತು ಅಂತ ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಹೇಳುವುದಿಲ್ಲ. ನನಗಾಗಿ ಕಾದ ಡ್ರಮ್ಮರ್ ಮತ್ತು ಬೇಸಿಸ್ಟ್, ನಾವು ಅಭ್ಯಾಸ ಮಾಡುವ ಜಾಮ್ ರೂಮಿಗೆ ಒಂದೂವರೆ ವರ್ಷ ಬಾಡಿಗೆ ಕೇಳದ ಅಣ್ಣ, ಬೈದು ಬೈದು ಬೆರಳು ಮಡಚಿಸಿದ ಫಿಸಿಯೋ ಮೇಡಂ, ಹಾಡು ಕೇಳುವ ಮೊದಲೇ ಟೀ ಶರ್ಟಿಗೆ ದುಡ್ಡು ಕಳಿಸಿದ ನೀವು, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಸಾಲಿನಲ್ಲಿ ಮುಗಿಸಿದ ಅಂತ ಬೇಜಾರಾಗಬೇಡಿ. ಉಳಿದ ಜಾಗ ನಮ್ಮ ಮಾವನಿಗೆ ಬೇಕು.

ಮಾವ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಪಿ.ಬಿ. ಶ್ರೀನಿವಾಸ್ ಬಿಟ್ಟರೆ ಬೇರೆ ಸಂಗೀತ ಬೇಡ. ಮಗಳನ್ನು ಕೊಟ್ಟು ಹದಿನೆಂಟು ವರ್ಷವಾದರೂ ನಮ್ಮ ಒಂದು ಹಾಡನ್ನೂ ಪೂರ್ತಿ ಕೇಳಿರಲಿಲ್ಲ. ಆಪರೇಷನ್ ಆದ ಎರಡನೇ ರಾತ್ರಿ ನನ್ನ ಜೊತೆ ಉಳಿದವರು ಅವರೇ.

ಆ ರಾತ್ರಿ ಬೆರಳಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಎರಡು ಗಂಟೆಗೆ ಎಡಗೈಯಲ್ಲಿ ಮೊಬೈಲ್ ಹಿಡಿದು ಗಿಟಾರ್ ಮಾರಾಟಕ್ಕಿದೆ ಅಂತ ಬರೆಯುತ್ತಿದ್ದೆ. ಬೆಲೆ ಹಾಕುವಾಗ ಅಳು ಬಂತು. ಮಾವ ಎದ್ದು ಕೂತರು. ನಾನು ಸುಮ್ನಿರಬಹುದಿತ್ತು. "ನಿಮಗೆ ಖುಷಿ ಅಲ್ವಾ, ಇನ್ಮೇಲೆ ಮನೆಯಲ್ಲಿ ಗಲಾಟೆ ಇರಲ್ಲ" ಅಂದುಬಿಟ್ಟೆ. ಆ ಮಾತಿಗೆ ಇವತ್ತಿನವರೆಗೂ ಕ್ಷಮೆ ಕೇಳಿಲ್ಲ. ಇಲ್ಲಿ ಕೇಳುತ್ತಿದ್ದೇನೆ. ತಪ್ಪಾಯ್ತು ಮಾವ.

ಅವರು ಉತ್ತರ ಕೊಡಲಿಲ್ಲ. ಎಲ್ಲ ಸರಿಹೋಗುತ್ತೆ ಅಂತಲೂ ಅನ್ನಲಿಲ್ಲ. ಕೈಯಲ್ಲಿದ್ದ ಜನತಾ ವಾಚ್ ಬಿಚ್ಚಿ, ಕೀ ಕೊಟ್ಟು, ನನ್ನ ಕಿವಿ ಪಕ್ಕ ದಿಂಬಿನ ಮೇಲಿಟ್ಟರು. "ಸೆಕೆಂಡಿಗೆ ಐದು ಬಡಿತ ಅಳಿಯಂದ್ರೇ, ಎಣಿಸಿ ನೋಡಿ." ಎಣಿಸಲು ಆಗಲಿಲ್ಲ. ತಪ್ಪುತ್ತಿತ್ತು, ಮತ್ತೆ ಶುರು ಮಾಡುತ್ತಿದ್ದೆ. ಬೆಳಗಿನ ಜಾವದವರೆಗೂ ಅವರು ಸ್ಟೂಲಿನ ಮೇಲೆ ಕೂತೇ ಇದ್ದರು. ಗಿಟಾರಿನ ಜಾಹೀರಾತು ಅರ್ಧಕ್ಕೇ ಉಳಿಯಿತು.

ಅಮೆರಿಕದ ಮೆಟಲ್ ಬ್ಯಾಂಡ್ ಮೆಗಾಡೆತ್‌ನ ಗಿಟಾರಿಸ್ಟ್ ಡೇವ್ ಮಸ್ಟೇನ್‌ಗೂ 2002ರಲ್ಲಿ ಎಡಗೈ ನರಕ್ಕೆ ಪೆಟ್ಟಾಗಿ ಬ್ಯಾಂಡೇ ನಿಂತಿತ್ತು. 2004ರಲ್ಲಿ ಹೊಸ ಆಲ್ಬಂ ತಂದರು. 2008ರಲ್ಲಿ ಅರಮನೆ ಮೈದಾನದಲ್ಲಿ ಆ ಕೈ ಓಡುವುದನ್ನು ನಾವೇ ನಿಂತು ನೋಡಿದ್ದೇವೆ. ಗೆಳೆಯರು ಇದನ್ನು ಹತ್ತು ಸಲ ನೆನಪಿಸಿದರು. ನಿಜ ಹೇಳಬೇಕೆಂದರೆ ಒಂದೂ ತಲೆಗೆ ಹೋಗಲಿಲ್ಲ. ತಲೆಗೆ ಹೋಗಿದ್ದು ವಾಚಿನ ಲೆಕ್ಕ.

ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಆರಕ್ಕೆ ಕಾಫಿ ಕುಡಿದು ಮಾವ ವಾಚ್ ಇಟ್ಟುಕೊಂಡು ಕೂರುತ್ತಿದ್ದರು. ಐದು ಟಿಕ್ಕಿಗೆ ಒಂದು ಹೊಡೆತ, ಬರೀ ಡೌನ್‌ಸ್ಟ್ರೋಕ್, ಅಂದರೆ ಮೇಲಿಂದ ಕೆಳಕ್ಕೆ ಮಾತ್ರ. ತಂತಿ ಮೀಟುವ ಪಿಕ್ ಬಿದ್ದಾಗಲೆಲ್ಲ ಆ ಮಂಡಿನೋವಲ್ಲೇ ಬಗ್ಗಿ ಎತ್ತಿ ಕೊಡುತ್ತಿದ್ದರು. ಆಮೇಲೆ ಐದಕ್ಕೆ ಎರಡು. 150 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 150 ಬೀಟ್ ವೇಗದಲ್ಲಿ, ಬೀಟಿಗೆ ಎರಡು ಹೊಡೆದರೆ ನಿಮಿಷಕ್ಕೆ 300. ಸರಿಯಾಗಿ ವಾಚಿನ ವೇಗ. ಅಲ್ಲಿಗೆ ಮುಟ್ಟಲು ಹನ್ನೊಂದು ತಿಂಗಳು ಹಿಡಿಯಿತು. ಅವತ್ತೂ ಮಾವ ಜಾಸ್ತಿ ಮಾತಾಡಲಿಲ್ಲ. ಸಂಜೆ ಜಿಲೇಬಿ ತಂದರು. ಈ ಆಲ್ಬಂನ ಕೊನೇ ಹಾಡು 200 ಬಿಪಿಎಂ, ಅದೇ ಲೆಕ್ಕದಲ್ಲಿ ನಿಮಿಷಕ್ಕೆ 400. ವಾಚನ್ನು ಹಿಂದೆ ಹಾಕಿದ್ದೇವೆ.

ಶನಿವಾರ ಅವರು ಕಿವಿಗೆ ಹತ್ತಿ ಇಟ್ಟುಕೊಂಡು, ಸೌಂಡ್ ಮಿಕ್ಸರ್ ಪಕ್ಕ ಕುರ್ಚಿ ಹಾಕಿಸಿಕೊಂಡು ಎಲ್ಲ ಒಂಬತ್ತೂ ಕೇಳಿದರು. ನಾನು ಸ್ಟೇಜ್ ಇಳಿದಾಗ ಬಲಗೈ ಹಿಡಿದು, ತಿರುಗಿಸಿ ನೋಡಿ, ಬಿಟ್ಟರು. ಆಮೇಲೆ ಡ್ರಮ್ಮರ್ ಕಡೆ ತಿರುಗಿ, "ನಾಲ್ಕನೇ ಹಾಡಲ್ಲಿ ಮಧ್ಯ ತಾಳ ಬಿಟ್ಟು ಓಡಿಬಿಟ್ರಿ" ಅಂದರು.

ನಿನ್ನೆ ರೆಕಾರ್ಡಿಂಗ್ ಹಾಕಿ ಕೇಳಿದೆವು. ಓಡಿದ್ದೇವೆ.