ಬಾಲಮಂದಿರದ ಮಕ್ಕಳು ಮನೆಗೆ ಮರಳುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಶುರುವಾದರೆ ಯಾರಿಗೂ ಪುರುಸೊತ್ತಿರಲ್ಲ, ಈಗಲೇ ಓದಿಬಿಡಿ.

ಬಾಲಮಂದಿರದಲ್ಲಿರುವ ಮಕ್ಕಳೆಲ್ಲ ಅನಾಥರಲ್ಲ. ಎಷ್ಟೋ ಮಕ್ಕಳಿಗೆ ಅಮ್ಮನೋ ಅಜ್ಜಿಯೋ ಇದ್ದಾರೆ. ಬಡತನ, ಕಾಯಿಲೆ, ಕುಡಿತದಿಂದ ಮನೆ ಬಿಟ್ಟು ಅಲ್ಲಿ ಸೇರಿರುತ್ತಾರೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಸಂಸ್ಥೆಯಲ್ಲಿಡುವುದು ಕೊನೆಯ ದಾರಿ ಮಾತ್ರ.

ಮಗುವನ್ನು ಮನೆಗೆ ಕಳಿಸುವ ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ. ಹಾಗಾಗಿ ನೀವೇ ಹೋಗಿ ಕರೆತರಲು ನೋಡಬೇಡಿ. ಮೊದಲು ಮನೆಯ ಸ್ಥಿತಿ ವಿಚಾರಿಸುತ್ತಾರೆ: ತೋಟದ ಕೆಲಸಗಾರರ ಲೈನ್ ಮನೆಯ ಒಂದೇ ಕೋಣೆಯಲ್ಲಿ ಮಗು ಎಲ್ಲಿ ಮಲಗುತ್ತೆ, ತಾಯಿ ಬೆಳಿಗ್ಗೆ ತೋಟಕ್ಕೆ ಹೊರಟ ಮೇಲೆ ಶಾಲೆಗೆ ಕಳಿಸೋರು ಯಾರು. ಮಗುವಿನ ಇಷ್ಟವನ್ನೂ ಕೇಳಬೇಕು. ಹೊಡೆತ ಬಡಿತ ಇರುವ ಮನೆಯಾದರೆ ಅವಸರ ಬೇಡವೇ ಬೇಡ.

ದುಡ್ಡೊಂದೇ ಅಡ್ಡಿಯಾದರೆ, ಮಿಷನ್ ವಾತ್ಸಲ್ಯ ಅನ್ನೋ ಸರ್ಕಾರಿ ಯೋಜನೆಯ ಪ್ರಾಯೋಜಕತ್ವದಲ್ಲಿ (ಮಗುವನ್ನು ಮನೆಯಲ್ಲೇ ಬೆಳೆಸಲು ಕೊಡುವ ಹಣದ ನೆರವು) ಅರ್ಹ ಮಗುವಿಗೆ ತಿಂಗಳಿಗೆ 4000 ರೂಪಾಯಿ ಸಿಗುತ್ತೆ. ಈ ಮಾತು ಲೈನ್ ಮನೆಗಳಿಗೆ, ಆದಿವಾಸಿ ಹಾಡಿಗಳಿಗೆ ಸರಿಯಾಗಿ ತಲುಪಿಲ್ಲ ಅನ್ನೋದೇ ನನ್ನ ಸಂಕಟ. ದಯವಿಟ್ಟು ಬಾಯಿಮಾತಲ್ಲೇ ಹೇಳಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬಹುದು, ಅರ್ಜಿ ಬರೆಯಲು ನಾನು ಜೊತೆಗೆ ಬರ್ತೀನಿ.

ಮಗುವಿನ ಫೋಟೋ, ಹೆಸರು ಗುಂಪಿಗೆ ಹಾಕಬೇಡಿ, ಗುರುತು ಬಯಲು ಮಾಡುವುದು ಅಪರಾಧ. ಗೊತ್ತಿರುವ ಮನೆಯಿದ್ದರೆ ನನಗೊಬ್ಬಳಿಗೇ ತಿಳಿಸಿ. ತುರ್ತಿದ್ದರೆ ನೇರ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.