ಬಾಣ ತಾಗಿಯೂ ಸಿಗದೆ ಹೋದರೆ

ವಿರಾಜಪೇಟೆ ತಾಲ್ಲೂಕು
ಸೆಪ್ಟೆಂಬರ್ 6

ಪ್ರೀತಿಯ ಮಗಳೇ,

ನಿನ್ನ ಕಾಗದ ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನವೇ ಕೈಸೇರಿತು. ಕೋವಿಗಳಿಗೆ ತೋಕ್ ಪೂ ಮುಡಿಸಿ, ಊಟ ಮುಗಿಸಿ, ಜಗಲಿಯಲ್ಲಿ ಕೂತು ಓದಿದೆ. ಮನೆಯ ಸಮಾಚಾರವನ್ನು ನಿನ್ನ ಅಪ್ಪ ಫೋನಿನಲ್ಲಿ ಹೇಳುತ್ತಲೇ ಇರುತ್ತಾನೆ, ನಿನ್ನ ಅಜ್ಜನ ಕೋವಿಯ ಕಥೆಗಳು ನಿನಗೆ ಬಾಯಿಪಾಠವಾಗಿವೆ; ಅವೆರಡನ್ನೂ ಬಿಡುತ್ತೇನೆ. ಮನೆಯಲ್ಲಿ ನಾವು ಆಡುವುದು ಕೊಡವ ತಕ್ಕ್ ಆದರೂ ಇಂಥದ್ದನ್ನು ಬರೆಯಲು ಕೂತರೆ ನನಗೆ ಒದಗುವುದು ಶಾಲೆಯಲ್ಲಿ ಕಲಿತ ಕನ್ನಡವೇ. ಅಂಚೆಗೆ ಹಾಕಿದರೆ ಇದು ತಲುಪುವಷ್ಟರಲ್ಲಿ ನಿಮ್ಮ ಬಿಲ್ಲುಬೇಟೆಯ ಋತು ಶುರುವಾಗಿರುತ್ತದೆ ಎಂದು ನಿನ್ನ ತಮ್ಮ ಇದರ ಫೋಟೊ ತೆಗೆದು ಕಳಿಸುತ್ತಾನಂತೆ.

ನಾಲ್ಕು ಪುಟಗಳಲ್ಲಿ ಹೊಸ ಬಿಲ್ಲು, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೀನು ಜಿಂಕೆ ಬೇಟೆಗೆ ಹೋಗಲಿರುವ ಕೆಟಲ್ ಮೊರೇನ್ ಕಾಡಿನ ನಕ್ಷೆ, ಮನೆಯ ಹಿತ್ತಲಲ್ಲಿ ದಿನಾ ಹೊಡೆಯುವ ಮೂವತ್ತು ಬಾಣ, ಇವನ್ನೆಲ್ಲ ಉತ್ಸಾಹದಿಂದ ಬರೆದಿದ್ದೀಯೆ. ಕೊನೆಯ ಪುಟದ ಅಂಚಿನಲ್ಲಿ ಮಾತ್ರ ಬೇರೆ ಶಾಯಿಯಲ್ಲಿ ಒಂದು ಸಾಲು ಇದೆ: ‘ದೊಡ್ಡಪ್ಪ, ಬಾಣ ತಾಗಿಯೂ ಪ್ರಾಣಿ ಸಿಗದೆ ಹೋದರೆ?’ ಕಾಗದವನ್ನು ಮಡಿಸಿಟ್ಟ ಮೇಲೆ ಯಾವಾಗಲೋ ನೆನಪಾಗಿ ಮತ್ತೆ ಬಿಚ್ಚಿ ಬರೆದ ಸಾಲಿನಂತಿತ್ತು ಅದು. ಮೂರು ರಾತ್ರಿಯಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ನಿನಗೆ ಧೈರ್ಯ ಹೇಳುವ ಮಾತು ಹುಡುಕುತ್ತಿದ್ದೆನೆಂದು ತಿಳಿಯಬೇಡ. ಆ ಪ್ರಶ್ನೆಗೆ ನನ್ನ ಬಳಿ ಇರುವುದು ನಲವತ್ತು ವರ್ಷ ಯಾರಿಗೂ ಹೇಳದ ಒಂದು ಉತ್ತರ.

ಅಲ್ಲಿಯ ಹಳಬರನ್ನು ಕೇಳಿದರೆ, ಬಹಳ ಕಾಲ ಬೇಟೆಯಾಡಿದ ಎಲ್ಲರಿಗೂ ಒಂದಲ್ಲ ಒಂದು ದಿನ ಹೀಗಾಗುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎನ್ನುತ್ತಾರೆ. ಸುಳ್ಳೇನಲ್ಲ, ನಾನೂ ಎಷ್ಟೋ ಹುಡುಗರಿಗೆ ಹಾಗೆಯೇ ಹೇಳಿದ್ದೇನೆ. ಆದರೆ ನೀನು ಕೇಳಿದ್ದು ಅದನ್ನಲ್ಲ. ಮೊದಲ ಬಾಣ ಹೂಡುವ ಮುಂಚೆಯೇ ನಿನಗೆ ಈ ಭಯ ಹುಟ್ಟಿದೆ. ನನಗೆ ಆಗ ಅದು ಇರಲಿಲ್ಲ.

1986ರ ಸೆಪ್ಟೆಂಬರ್ ಕೊನೆಯ ವಾರ. ನಾನು ವಿಸ್ಕಾನ್ಸಿನ್‌ಗೆ ಹೋಗಿ ಎಂಟು ವರ್ಷವಾಗಿತ್ತು, ಬಿಲ್ಲು ಹಿಡಿದು ಎರಡು. 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಬೇಟೆಗಾರರ ತರಗತಿಗೆ ಹೋಗಲೇಬೇಕೆಂಬ ಅಲ್ಲಿಯ ನಿಯಮ 1950ರಲ್ಲಿ ಹುಟ್ಟಿದ ನನ್ನನ್ನು ತಟ್ಟಲಿಲ್ಲ, ತಟ್ಟದಿದ್ದುದಕ್ಕೆ ನಾನು ಖುಷಿಪಟ್ಟೆ. ಕೊಡಗಿನವನಿಗೆ ಬೇಟೆ ಕಲಿಸುವುದೇನು ಎಂಬ ಜಂಬ ಬೇರೆ. ಒಂದು ವೈಟ್ ಓಕ್ ಮರದ ಎದುರು ಟ್ರೀ ಸ್ಟ್ಯಾಂಡ್, ಅಂದರೆ ಮರದ ಮೇಲಿನ ಅಟ್ಟಣಿಗೆ, ಕಟ್ಟಿಕೊಂಡು ಕೂತಿದ್ದೆ. ಬೆಳಕು ಇನ್ನೇನು ಆರುತ್ತಿದೆ ಎನ್ನುವಾಗ ಒಂದು ಹೆಣ್ಣು ಜಿಂಕೆ ಬಂದು, ಇಪ್ಪತ್ತೆಂಟು ಹೆಜ್ಜೆ ದೂರದಲ್ಲಿ ಎದೆಯನ್ನು ತುಸು ನನ್ನ ಕಡೆಗೇ ತಿರುಗಿಸಿಕೊಂಡು ನಿಂತಿತು. ಹೊಡೆಯಬಾರದ ನಿಲುವು. ಅಡ್ಡಲಾಗಿ ನಿಂತಿರಬೇಕು, ಇಲ್ಲವೇ ತುಸು ಓರೆಯಾಗಿ ಮುಖ ಆಚೆಗಿರಬೇಕು. ಆಗಲೇ ಬಾಣಕ್ಕೆ ಎರಡೂ ಶ್ವಾಸಕೋಶ ಸಿಗುವುದು. ಇದು ನನಗೆ ಗೊತ್ತಿತ್ತು, ಆದರೂ ಬಿಟ್ಟೆ. ಒದ್ದೆ ಬಟ್ಟೆಯನ್ನು ಬಂಡೆಗೆ ಬಡಿದಂಥ ಸಪ್ಪೆ ಸದ್ದು ಬಂತು. ಜಿಂಕೆ ಚಿಮ್ಮಿ ಓಡಲಿಲ್ಲ. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಹೊಟ್ಟೆನೋವು ಬಂದವರ ಹಾಗೆ ನಿಧಾನಕ್ಕೆ ನಡೆದು ಹಸಿರಿನೊಳಗೆ ಮರೆಯಾಯಿತು.

ಹತ್ತು ನಿಮಿಷವೂ ಕಾಯದೆ ಕೆಳಗಿಳಿದೆ. ಬಾಣದ ಗರಿಯ ಮೇಲೆ ಹಸಿರು ಬೆರೆತ ಕಂದು ಲೋಳೆ, ಮೂಗಿಗೆ ಹಿಡಿದರೆ ಕರುಳಿನ ನಾತ, ನೆಲದಲ್ಲಿ ಹೊಟ್ಟೆಯ ಕೆಳಭಾಗದ ನಾಲ್ಕು ಬಿಳಿ ಕೂದಲು. ಅಲ್ಲಿಂದ ಸದ್ದಿಲ್ಲದೆ ಬಂದ ದಾರಿಯಲ್ಲೇ ಮನೆಗೆ ಹೋಗಬೇಕಿತ್ತು. ನಾನು ಟಾರ್ಚ್ ಹಚ್ಚಿ ಜಾಡು ಹಿಡಿದೆ. ಎಂಬತ್ತು ಹೆಜ್ಜೆಯಾಚೆ ಪೊದೆಯಲ್ಲಿ ಮಲಗಿದ್ದದ್ದು ಎದ್ದು ಹೋದ ಸದ್ದು ಕೇಳಿಸಿತು. ಮತ್ತೂ ಹೋದೆ, ಮತ್ತೊಮ್ಮೆ ಎದ್ದಿತು. ಆಮೇಲೆ ಮಳೆ ಹಿಡಿಯಿತು. ಮರುದಿನ ಮಧ್ಯಾಹ್ನದವರೆಗೆ ಒಬ್ಬನೇ ಹುಡುಕಿದೆ. ನೆರವು ಕೇಳಿದರೆ ನಿಜ ಹೇಳಬೇಕಾಗುತ್ತದಲ್ಲ ಎಂದು ಯಾರನ್ನೂ ಕರೆಯಲಿಲ್ಲ. ಅಡಿಗೆಮನೆಯ ನಲ್ಲಿಯಲ್ಲಿ ಬಾಣ ತೊಳೆಯುತ್ತಿದ್ದಾಗ ನಿನ್ನ ದೊಡ್ಡಮ್ಮ ಏನಾಯಿತೆಂದು ಕೇಳಿದಳು. ‘ಗುರಿ ತಪ್ಪಿತು’ ಎಂದೆ. ಅವಳು ತೀರಿಕೊಳ್ಳುವವರೆಗೂ ಆ ಮಾತು ಹಾಗೆಯೇ ಉಳಿಯಿತು, ನಿನ್ನ ಅಪ್ಪನೂ ಇಂದಿಗೂ ಅದನ್ನೇ ನಂಬಿದ್ದಾನೆ.

ನನ್ನನ್ನು ಹೆಚ್ಚು ಸುಡುವುದು ಇನ್ನೊಂದು ನೆನಪು. ನಿನ್ನ ಅಜ್ಜ ಕಡವೆಗೆ ಈಡು ಹೊಡೆದ ಮೇಲೆ, ರಕ್ತ ಕಂಡ ಜಾಗದಲ್ಲೇ ಒಂದು ಕಲ್ಲಿನ ಮೇಲೆ ಕೂತು ಸಂಚಿ ಬಿಚ್ಚಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಜೊತೆಗಿದ್ದ ಹುಡುಗರಾದ ನಮಗೆ ಕಾಲು ನಿಲ್ಲುತ್ತಿರಲಿಲ್ಲ. ಅವನು ಮಾತಾಡದೆ ಎರಡನೆಯ ವೀಳ್ಯ ಮಡಿಸುತ್ತಿದ್ದ. ಅದು ಸೋಮಾರಿತನ ಎಂದೇ ನಾನು ತಿಳಿದಿದ್ದೆ. 1972ರ ವನ್ಯಜೀವಿ ಕಾಯ್ದೆ ಬಂದು ನಮ್ಮ ಕೋವಿಗಳು ಗೋಡೆ ಸೇರಿದವು, ಕೇಳಬೇಕಾದ್ದನ್ನು ನಾನು ಅವನಲ್ಲಿ ಕೇಳಲೇ ಇಲ್ಲ. ಗಾಯಗೊಂಡ ಪ್ರಾಣಿಯನ್ನು ಯಾರೂ ಅಟ್ಟದಿದ್ದರೆ ಅದು ಹತ್ತಿರದಲ್ಲೇ ಮಲಗುತ್ತದೆ, ಮಲಗಿದಲ್ಲೇ ಸಾಯುತ್ತದೆ. ಅಟ್ಟಿದರೆ ಹನಿ ರಕ್ತವನ್ನೂ ಬಿಡದೆ ಮೈಲಿಗಟ್ಟಲೆ ಹೋಗುತ್ತದೆ. ಆ ಎರಡನೆಯ ವೀಳ್ಯದ ಅರ್ಥ ಇಷ್ಟೇ ಆಗಿತ್ತು.

ಹೀಗಿರುವಾಗ ನಾನು ಉಪದೇಶ ಮಾಡುವುದು ಸರಿಯೋ ತಿಳಿಯದು, ತರಗತಿಯಲ್ಲಿ ನಿನಗೆ ಇದನ್ನೆಲ್ಲ ಕಲಿಸಿಯೂ ಇರುತ್ತಾರೆ. ಆದರೂ ಬಾಣವನ್ನು ಓದದೆ ಹೆಜ್ಜೆ ಇಡಬೇಡ. ನೊರೆನೊರೆಯಾದ ತಿಳಿಗೆಂಪು ರಕ್ತವಿದ್ದರೆ ಶ್ವಾಸಕೋಶ, ಅರ್ಧ ಗಂಟೆ ಕಾದರೆ ಸಾಕು, ಬಹುಪಾಲು ಕಣ್ಣಳತೆಯಲ್ಲೇ ಬಿದ್ದಿರುತ್ತದೆ. ಕಡುಗೆಂಪಾಗಿದ್ದರೆ ಯಕೃತ್ತು, ನಾಲ್ಕರಿಂದ ಆರು ಗಂಟೆ. ನನಗೆ ಸಿಕ್ಕಂಥ ಹಸಿರು ಲೋಳೆಯಾದರೆ ಎಂಟರಿಂದ ಹನ್ನೆರಡು ಗಂಟೆ ಆ ಕಡೆ ತಲೆ ಹಾಕಬಾರದು. ಸೆಪ್ಟೆಂಬರಿನ ಸೆಕೆಯಲ್ಲಿ ಅಷ್ಟು ಹೊತ್ತಿಗೆ ಮಾಂಸ ಕೆಡಬಹುದು, ಕೊಯೋಟೆಗಳು ಮೊದಲೇ ಮುಟ್ಟಬಹುದು, ಅದಕ್ಕೆ ನನ್ನ ಬಳಿ ಪರಿಹಾರವಿಲ್ಲ. ಮಳೆ ಬರುವಂತಿದ್ದರೆ ಕೊನೆಯ ಬೆಳಕಿನಲ್ಲಿ ಬಾಣ ಬಿಡಬೇಡ ಎಂದಷ್ಟೇ ಹೇಳಬಲ್ಲೆ.

ಋತುವಿನ ಆರಂಭದ ಬೇಟೆ ಸುಲಭ ಎಂದು ಯಾರೋ ಹೇಳಿದ್ದಾಗಿ ಬರೆದಿದ್ದೀಯೆ. ಒಂದು ಲೆಕ್ಕದಲ್ಲಿ ಹೌದು. ಗಂಡುಗಳು ಕೊಂಬಿನ ಮಖಮಲ್ಲನ್ನು ಆಗಷ್ಟೇ ಉಜ್ಜಿ ಕಳೆದುಕೊಂಡು ಇನ್ನೂ ಗುಂಪಾಗಿಯೇ ತಿರುಗುತ್ತಿರುತ್ತವೆ, ಮಲಗುವ ಜಾಗದಿಂದ ಮೇವಿಗೆ, ಮೇವಿನಿಂದ ಮಲಗುವ ಜಾಗಕ್ಕೆ ಗಡಿಯಾರ ಕಟ್ಟಿದಂತೆ ಓಡಾಡುತ್ತವೆ. ಆದರೆ ನಿನ್ನ ಭಯಕ್ಕೆ ಅತಿ ದೊಡ್ಡ ಕಾರಣವೂ ಇದೇ ಋತುವಿನಲ್ಲಿದೆ: ಎಲೆ ಉದುರಿರುವುದಿಲ್ಲ. ನವೆಂಬರಿನ ಬೋಳು ಕಾಡಿನಲ್ಲಿ ನೂರು ಗಜ ಕಣ್ಣಲ್ಲೇ ಹಿಂಬಾಲಿಸಬಹುದಾದ ಜಿಂಕೆ ಸೆಪ್ಟೆಂಬರಿನಲ್ಲಿ ಹತ್ತು ಹೆಜ್ಜೆಗೇ ಮಾಯ. ಹಾಗಾಗಿ ಕೊನೆಯ ಬಾರಿ ಕಂಡ ಜಾಗದ ಒಂದು ಮರವನ್ನೋ ಕಲ್ಲನ್ನೋ ಗುರುತಿಟ್ಟುಕೊಂಡು, ಅದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಕೂರು.

ಕೂರುವ ಜಾಗದ ಬಗ್ಗೆ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು, ನಕ್ಷೆ ಈಗ ಫೋನಿನಲ್ಲೇ ಇದೆಯಂತೆ. ಓಕ್ ಎಲೆಯ ಹಾಲೆಗಳು ಗುಂಡಗಿದ್ದರೆ ವೈಟ್ ಓಕ್, ತುದಿ ಚೂಪಾಗಿದ್ದರೆ ರೆಡ್ ಓಕ್. ವೈಟ್ ಓಕಿನ ಕಾಯಿಯಲ್ಲಿ ಒಗರು ಕಡಿಮೆ, ಉದುರಲು ತೊಡಗಿದರೆ ಜಿಂಕೆಗಳು ಸೋಯಾ ಹೊಲವನ್ನೂ ಬಿಟ್ಟು ಬರುತ್ತವೆ. ಸಾರ್ವಜನಿಕ ಕಾಡಾದ್ದರಿಂದ ನಿನ್ನಂತೆಯೇ ಹತ್ತು ಜನ ಬರುತ್ತಾರೆ. ಕಾರು ನಿಲ್ಲಿಸುವಲ್ಲಿಂದ ಎಲ್ಲರೂ ಹಿಡಿಯುವ ದಾರಿಯನ್ನು ಬಿಟ್ಟುಬಿಡು. ದೂರವೇ ಹೋಗಬೇಕೆಂದಿಲ್ಲ, ರಸ್ತೆಗೆ ಅಂಟಿಕೊಂಡ ಜೌಗಿನ ಮೂಲೆಯನ್ನು ಯಾರೂ ನೋಡಿರುವುದಿಲ್ಲ. ಬೆಳಗಿನ ಕತ್ತಲಲ್ಲಿ ಹೋದರೆ ಮೇಯುತ್ತಿರುವ ಜಿಂಕೆಗಳ ನಡುವೆಯೇ ನಡೆಯಬೇಕಾಗುತ್ತದೆ, ಈಗ ಸಂಜೆಯೇ ಲೇಸು. ಖಾಸಗಿ ಜಮೀನಿನ ಗಡಿಯ ಪಕ್ಕ ಮಾತ್ರ ಕೂರಬೇಡ. ಗಾಯಗೊಂಡದ್ದು ಬೇಲಿ ದಾಟಿದರೆ ಮಾಲೀಕನ ಒಪ್ಪಿಗೆಯಿಲ್ಲದೆ ನೀನು ಒಳಗೆ ಕಾಲಿಡುವಂತಿಲ್ಲ, ಅವನು ಬಾಗಿಲು ತೆಗೆಯದಿದ್ದರೆ ನೀನು ಆ ಸಾಲಿನಲ್ಲಿ ಕೇಳಿದ್ದು ಅಲ್ಲೇ ನಿಜವಾಗುತ್ತದೆ.

ಗಾಳಿಯ ವಿಷಯ ಹೇಳಲೇಬೇಕು. ಸೆಪ್ಟೆಂಬರಿನಲ್ಲಿ ರಸ್ತೆಯಂಚಿನ ಮಿಲ್ಕ್‌ವೀಡ್ ಕಾಯಿಗಳನ್ನು ಕಿತ್ತು ಜೇಬಿನಲ್ಲಿಟ್ಟುಕೋ. ನಮ್ಮ ಎಕ್ಕದ ನೆಂಟನೇ ಆ ಗಿಡ, ಕಾಯಿಯೊಳಗೆ ಅದೇ ರೇಷ್ಮೆ. ಮರದ ಮೇಲಿಂದ ಒಂದೊಂದೇ ಎಳೆ ಬಿಟ್ಟು ಅದು ಎಲ್ಲಿ ಹೋಗುತ್ತದೆಂದು ಕಡೆಯವರೆಗೂ ನೋಡು. ಹಿಮನದಿ ಬಿಟ್ಟುಹೋದ ಮಂಜುಗಡ್ಡೆ ಕರಗಿ ಉಂಟಾದ ಗುಂಡಿಗಳು ಅಲ್ಲಿಯ ಕೆಟಲ್‌ಗಳು. ಹೊತ್ತು ಇಳಿದಂತೆ ತಣ್ಣನೆಯ ಗಾಳಿ ನೀರಿನ ಹಾಗೆ ಜಾರಿ ಅವುಗಳಲ್ಲಿ ತುಂಬುತ್ತದೆ, ನಿನ್ನ ಮೈವಾಸನೆಯೂ ಅದರೊಡನೆ ಇಳಿಯುತ್ತದೆ. ವಾಸನೆ ಸಿಕ್ಕ ಜಿಂಕೆ ಓಡಿಹೋದರೆ ನಷ್ಟವೇನಿಲ್ಲ. ಓಡದೆ ಅನುಮಾನದಿಂದ ಮೈ ಬಿಗಿದು ನಿಂತದ್ದೇ ಅಪಾಯ. ಶಬ್ದ ಸೆಕೆಂಡಿಗೆ ಸುಮಾರು 1,100 ಅಡಿ ಹೋಗುತ್ತದೆ, ನಿನ್ನ ಬಾಣ 300 ಅಡಿಯ ಆಸುಪಾಸು. ಹೆದೆಯ ಸದ್ದು ಮೊದಲು ಮುಟ್ಟಿ, ಓಡಲೆಂದು ಅದು ಮೈ ತಗ್ಗಿಸಿದ ಕ್ಷಣಕ್ಕೆ ನಿನ್ನ ಬಾಣ ಬರುತ್ತದೆ, ಗುರಿಯಿಟ್ಟಲ್ಲಿ ಎದೆ ಇರುವುದಿಲ್ಲ. ಹಿತ್ತಲಿನ ಗುರಿಹಲಗೆ ಮೈ ತಗ್ಗಿಸುವುದಿಲ್ಲ, ಮಗಳೇ. ಅಲ್ಲಿ ನಲವತ್ತು ಗಜಕ್ಕೆ ತಪ್ಪದೆ ಹೊಡೆಯುತ್ತೇನೆಂದು ಬರೆದದ್ದನ್ನು ಓದಿ ಹೆಮ್ಮೆಯೂ ಆಯಿತು, ದಿಗಿಲೂ ಆಯಿತು. ಕಾಡಿನಲ್ಲಿ ಇಪ್ಪತ್ತನ್ನು ದಾಟಬೇಡ, ತಲೆ ತಗ್ಗಿಸಿ ನಿಶ್ಚಿಂತೆಯಿಂದ ಮೇಯುತ್ತಿರುವುದಕ್ಕಷ್ಟೇ ಬಿಲ್ಲೆತ್ತು.

ಎಲ್ಲ ಸರಿಯಾಗಿಯೂ ತಪ್ಪಾಗಬಹುದು. ಹಾಗಾದರೆ ನಾನು ಮಾಡದ್ದನ್ನು ಮಾಡು, ಫೋನ್ ಎತ್ತಿ ಯಾರನ್ನಾದರೂ ಕರೆ. ಹಗ್ಗ ಕಟ್ಟಿದ ನಾಯಿಯಿಂದ ರಕ್ತದ ಜಾಡು ಹಿಡಿಸಲು ವಿಸ್ಕಾನ್ಸಿನ್‌ನಲ್ಲಿ ಈಗ ಅವಕಾಶವಿದೆ. ಅಂಥ ನಾಯಿ ಸಾಕಿದವರ ನಂಬರನ್ನು ಋತು ಶುರುವಾಗುವ ಮೊದಲೇ ಬರೆದಿಟ್ಟುಕೋ. ಕರೆಯಲು ನಾಚಿಕೆಯಾಗುವುದು ಆ ರಾತ್ರಿಯೇ. ನಾಯಿ ಬರುವವರೆಗೆ ಜಾಡನ್ನು ತುಳಿದು ಕೆಡಿಸಬೇಡ. ಸಿಕ್ಕಿದರೆ ತಡಮಾಡದೆ ಹೊಟ್ಟೆ ಬಗೆದು ಐಸ್ ತುಂಬು. 2002ರಿಂದ ಅಲ್ಲಿ ಕಾಣಿಸಿಕೊಂಡಿರುವ ಜಿಂಕೆಗಳ ಮಿದುಳಿನ ರೋಗಕ್ಕೆ ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವ ತನಕ ತಿನ್ನದಿರು.

ಇಷ್ಟು ಬರೆದರೂ ಮುಖ್ಯವಾದದ್ದನ್ನು ಬಿಟ್ಟಿದ್ದೇನೆ. ಅದಾದ ಮೂರನೆಯ ದಿನ ಕೆಲಸದಿಂದ ಬರುವಾಗ ಆ ಕಾಡಿನ ಪಕ್ಕದ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದೆ. ಜೌಗಿನ ಮೇಲೆ ಐದಾರು ರಣಹದ್ದುಗಳು ಸುತ್ತುತ್ತಿದ್ದವು. ಕಾರು ನಿಲ್ಲಿಸಿ ನೂರಿನ್ನೂರು ಹೆಜ್ಜೆ ನಡೆದಿದ್ದರೆ ಗೊತ್ತಾಗುತ್ತಿತ್ತು. ವೇಗ ತುಸು ಕಡಿಮೆ ಮಾಡಿದೆ, ನಿಲ್ಲಿಸಲಿಲ್ಲ. ಎರಡು ವರ್ಷ ಬಿಲ್ಲು ಮುಟ್ಟಲಿಲ್ಲ. ಮತ್ತೆ ಹಿಡಿದ ಮೇಲೆ ಎಷ್ಟೋ ಜಿಂಕೆಗಳನ್ನು ಸರಿಯಾಗಿಯೇ ಹೊಡೆದೆ, ಅವುಗಳಲ್ಲಿ ಒಂದೂ ಈಗ ನೆನಪಿಲ್ಲ.

ಆ ಬಾಣವನ್ನು ಊರಿಗೆ ಬರುವಾಗ ತಂದಿದ್ದೆ. ಈ ಸಲ ಕೋವಿಗಳ ಸಾಲಿನಲ್ಲಿ ಅದನ್ನೂ ಇಟ್ಟೆ. ಹಬ್ಬಕ್ಕೆ ಬಂದಿದ್ದ ನಿನ್ನ ಅಪ್ಪ, ಇದು ಯಾವುದೆಂದು ಕೇಳಿದ. ಹಳೆಯದು ಎಂದೆ. ಅವನು ಮತ್ತೆ ಕೇಳಲಿಲ್ಲ. ಈ ಕಾಗದವನ್ನು ಅವನಿಗೆ ತೋರಿಸುವುದಿದ್ದರೆ ತೋರಿಸು. ನನ್ನ ಬಾಯಿಂದ ಅದು ಬರಲಾರದು.

ಬಾಣ ಬಿಡದೆ ಇಳಿದು ಬಂದ ಸಂಜೆಗಳ ಬಗ್ಗೆಯೂ ಬರೆ. ಮರ ಹತ್ತಲು ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗೆ ಬೀಳದಂತೆ ಹಿಡಿಯುವ ಹಾರ್ನೆಸ್ ಪಟ್ಟಿ ಕಟ್ಟಿಕೊಂಡಿರು, ಮನೆಗೆ ಬಂದ ಮೇಲೆ ಮೈಮೇಲೆ ಉಣ್ಣಿಗಳಿವೆಯೇ ನೋಡಿಕೋ.

ಇತಿ,
ನಿನ್ನ ದೊಡ್ಡಪ್ಪ