ಜೂನ್‌ನಿಂದ ಬೆಳಗಿನ ಬ್ಯಾಚ್ ಇಲ್ಲ: ಪೋಷಕರಿಗೊಂದು ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ,

ಮೊದಲು ವಿಷಯ ಹೇಳಿಬಿಡುತ್ತೇವೆ. ಜೂನ್ 1ರಿಂದ ನಮ್ಮ ಕ್ರೀಡಾ ಸಂಘದಲ್ಲಿ ಮಕ್ಕಳಿಗೆ ಬೆಳಗಿನ ಜಾವದ ಬ್ಯಾಚ್ ಇರುವುದಿಲ್ಲ. ಸಂಜೆಯ ಪ್ರಾಕ್ಟೀಸ್ ವಾರಕ್ಕೆ ಆರು ದಿನದ ಬದಲು ನಾಲ್ಕೇ ದಿನ: ಸೋಮವಾರ, ಮಂಗಳವಾರ, ಗುರುವಾರ, ಶುಕ್ರವಾರ, 4.45ರಿಂದ 6.15ರವರೆಗೆ. ಭಾನುವಾರ ಬೆಳಿಗ್ಗೆ 7ರಿಂದ 9 ಬರೀ ಆಟ. ಬುಧವಾರ, ಶನಿವಾರ ಪೂರ್ತಿ ರಜೆ. ಇನ್ನು ಮುಂದೆ ಗುಂಪು ಮಾಡುವಾಗ ವಯಸ್ಸಿನ ಜೊತೆಗೆ ಮಕ್ಕಳ ಬೆಳವಣಿಗೆಯನ್ನೂ ನೋಡುತ್ತೇವೆ. ತಿಂಗಳ ಫೀಸ್ 900 ರೂಪಾಯಿ ಇದ್ದದ್ದು 700 ಆಗುತ್ತದೆ.

ವಾಟ್ಸಾಪ್‌ನಲ್ಲಿ ಎರಡು ಸಾಲು ಹಾಕಿದ್ದಕ್ಕೇ ತುಂಬಾ ಜನ ಫೋನ್ ಮಾಡಿದಿರಿ. ಪ್ರಾಕ್ಟೀಸ್ ಕಡಿಮೆ ಮಾಡಿದರೆ ಜಿಲ್ಲಾ ಮಟ್ಟದಲ್ಲಿ ಗೆಲ್ಲೋದು ಹೇಗೆ ಅಂತ ಕೇಳಿದಿರಿ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೇ ಈ ಉದ್ದದ ಪತ್ರ.

ಕಳೆದ ವರ್ಷ ತಾಲ್ಲೂಕು ಕ್ರೀಡಾಕೂಟ ಮುಗಿದ ಮೇಲೆ ನಮ್ಮ ಒಬ್ಬ ಹುಡುಗಿ, 13 ವರ್ಷ, 200 ಮೀಟರ್ ಓಟ ಮತ್ತು ಉದ್ದ ಜಿಗಿತದವಳು, ಮೊಣಕಾಲು ನೋವು ಅಂತ ಹೇಳತೊಡಗಿದಳು. ಸ್ವಲ್ಪ ಓಡಿದರೆ ಬಿಸಿಯಾಗಿ ಸರಿಹೋಗುತ್ತದೆ ಅಂತ ನಾವೇ ಹೇಳಿದೆವು. ಎರಡು ತಿಂಗಳು ಹೀಗೇ ನಡೆಯಿತು. ಕೊನೆಗೆ ಅವಳು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದನ್ನು ನೋಡಿ ಅವಳ ಆಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಚಿಪ್ಪಿನ ಕೆಳಗೆ ಒಂದು ಗಂಟಿನ ಹಾಗೆ ಉಬ್ಬಿತ್ತು. ತಪ್ಪು ನಮ್ಮದು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದ್ದೇವೆ, ಇಲ್ಲಿ ನಿಮ್ಮೆಲ್ಲರ ಮುಂದೆಯೂ ಕೇಳುತ್ತೇವೆ.

ಆ ನೋವಿಗೆ ಆಸ್‌ಗುಡ್-ಶ್ಲಾಟರ್ ಅಂತ ಹೆಸರು. 1903ರಲ್ಲಿ ಬಾಸ್ಟನ್‌ನ ಒಬ್ಬ ಡಾಕ್ಟರು, ಜ್ಯೂರಿಕ್‌ನ ಇನ್ನೊಬ್ಬ ಡಾಕ್ಟರು ಬೇರೆ ಬೇರೆಯಾಗಿ ಇದನ್ನು ಬರೆದಿಟ್ಟರು, ಅಂದರೆ ನೂರು ವರ್ಷಕ್ಕೂ ಹಳೆಯ ತಿಳುವಳಿಕೆ ಇದು, ನಮಗೆ ಗೊತ್ತಿರಬೇಕಿತ್ತು. ತೊಡೆಯ ದೊಡ್ಡ ಸ್ನಾಯು ಚಿಪ್ಪಿನ ಮೇಲೆ ಹಾದು ಕೆಳಗೆ ಕಾಲಿನ ಮೂಳೆಗೆ ಅಂಟಿಕೊಂಡಿರುತ್ತದೆ. ಬೆಳೆಯುವ ಮಕ್ಕಳಲ್ಲಿ ಆ ಅಂಟಿನ ಜಾಗ ಇನ್ನೂ ಗಟ್ಟಿ ಮೂಳೆಯಾಗಿರುವುದಿಲ್ಲ, ಮೆತ್ತಗಿರುತ್ತದೆ. ಮೂಳೆ ಬೇಗ ಬೇಗ ಉದ್ದವಾಗುವ ದಿನಗಳಲ್ಲಿ ಸ್ನಾಯು ಬಿಗಿಯಾಗುತ್ತದೆ, ಪ್ರತಿ ಜಿಗಿತಕ್ಕೂ ಆ ಮೆತ್ತಗಿನ ಜಾಗವನ್ನು ಜಗ್ಗುತ್ತದೆ. ಹಿಮ್ಮಡಿಯಲ್ಲೂ ಇಂಥದೇ ನೋವು ಬರುತ್ತದೆ. ಇವು ಹೆಚ್ಚಾಗಿ ಬೆಳವಣಿಗೆ ಮುಗಿಯುತ್ತಾ ಬಂದ ಹಾಗೆ ಹೋಗುತ್ತವೆ, ಆದರೆ ಅಲ್ಲಿಯ ತನಕ ಓಟ, ಜಿಗಿತ ಕಡಿಮೆ ಮಾಡಬೇಕು. ನಾವು ಮಾಡಿದ್ದು ಅದರ ಉಲ್ಟಾ.

ಆಮೇಲೆ ಕೂತು ಲೆಕ್ಕ ಹಾಕಿದೆವು. ಬೆಳಿಗ್ಗೆ ಒಂದೂಕಾಲು ಗಂಟೆ, ಸಂಜೆ ಒಂದೂವರೆ ಗಂಟೆ, ಆರು ದಿನ. ವಾರಕ್ಕೆ 16 ಗಂಟೆ 30 ನಿಮಿಷ! ಶಾಲೆಯ ಆಟದ ಪೀರಿಯಡ್ ಬಿಟ್ಟು. ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದಲ್ಲಿ ಡಾ. ನೀರು ಜಯಂತಿ ಮತ್ತು ಅವರ ಜೊತೆಯವರು 7ರಿಂದ 18 ವರ್ಷದ ಸುಮಾರು 1,200 ಮಕ್ಕಳನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಮಗುವಿನ ವಯಸ್ಸು ಎಷ್ಟೋ, ವಾರಕ್ಕೆ ಅದಕ್ಕಿಂತ ಜಾಸ್ತಿ ಗಂಟೆ ತರಬೇತಿ ನಡೆದರೆ ಅತಿಬಳಕೆಯಿಂದ ಆಗುವ ಗಂಭೀರ ಗಾಯಗಳು ಹೆಚ್ಚು ಅಂತ ಅವರು ಕಂಡುಕೊಂಡರು. ಕೋಚ್ ನಿಂತು ಮಾಡಿಸುವ ಪ್ರಾಕ್ಟೀಸ್, ಮಕ್ಕಳು ತಾವೇ ಆಡುವ ಆಟದ ಎರಡರಷ್ಟಕ್ಕಿಂತ ಹೆಚ್ಚಾದರೂ ಹಾಗೇ. ನಮ್ಮಲ್ಲಿ 12 ವರ್ಷದ ಮಕ್ಕಳು 16 ಗಂಟೆ ದುಡಿಯುತ್ತಿದ್ದರು. ಲಗೋರಿ ಆಡಲು ಸಮಯ ಎಲ್ಲಿ ಉಳಿಯಿತು? ಹೊಸ ವೇಳಾಪಟ್ಟಿಯಲ್ಲಿ ಒಟ್ಟು 8 ಗಂಟೆ, ಅದರಲ್ಲಿ ಭಾನುವಾರದ ಎರಡು ಗಂಟೆ ಮಕ್ಕಳದ್ದೇ. ಖೋ-ಖೋ, ಲಗೋರಿ, ಮರಳಿನ ಮೇಲೆ ಕಬಡ್ಡಿ, ಏನು ಬೇಕೋ ಅದು. ನಾವು ಪಕ್ಕದಲ್ಲಿ ಇರುತ್ತೇವೆ, ಸೀಟಿ ಊದುವುದಿಲ್ಲ.

ಬೆಳಗಿನ ಬ್ಯಾಚ್ ತೆಗೆದದ್ದಕ್ಕೆ ಇನ್ನೊಂದು ಕಾರಣ ನಿದ್ದೆ. 5.30ಕ್ಕೆ ಮೈದಾನದಲ್ಲಿ ಇರಬೇಕಾದರೆ ಕೋಡಿಬಾಗ, ಬೈತಖೋಲ್ ಕಡೆಯ ಮಕ್ಕಳೇ 4.45ಕ್ಕೆ ಏಳಬೇಕು, ಕಾಳಿ ಸೇತುವೆ ದಾಟಿ ಸದಾಶಿವಗಡದಿಂದ ಬರುವವರು ಇನ್ನೂ ಮೊದಲು. ರಾತ್ರಿ ಟ್ಯೂಷನ್ ಮುಗಿಸಿ, ಊಟ ಮಾಡಿ, ಹೋಮ್‌ವರ್ಕ್ ಬರೆದು ಮಲಗುವಾಗ ಹತ್ತೂವರೆ ದಾಟಿರುತ್ತದೆ. ಹದಿಹರೆಯದಲ್ಲಿ ದೇಹದ ಗಡಿಯಾರವೇ ಸ್ವಲ್ಪ ತಡವಾಗಿ ನಡೆಯುತ್ತದೆ, ಬೇಗ ಮಲಗು ಅಂದರೂ ನಿದ್ದೆ ಬರುವುದಿಲ್ಲ. ಅದು ಸೋಮಾರಿತನ ಅಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 112 ವಿದ್ಯಾರ್ಥಿ ಕ್ರೀಡಾಪಟುಗಳನ್ನು ನೋಡಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 8 ಗಂಟೆಗಿಂತ ಕಡಿಮೆ ಮಲಗುವವರಿಗೆ ಗಾಯವಾಗುವ ಸಾಧ್ಯತೆ 1.7 ಪಟ್ಟು ಇತ್ತು. ಸಣ್ಣ ಅಧ್ಯಯನ ಅದು, ನಿದ್ದೆಗೆಟ್ಟದ್ದೇ ಕಾರಣ ಅಂತ ಅದರಿಂದ ಸಾಬೀತಾಗುವುದಿಲ್ಲ. ಆದರೆ ಆರು ಗಂಟೆ ಮಲಗಿ ಬಂದ ಮಗು ಹೇಗೆ ಓಡುತ್ತದೆ ಅಂತ ನಾವು ವರ್ಷಗಟ್ಟಲೆ ಕಣ್ಣಾರೆ ನೋಡಿದ್ದೇವೆ, ಸುಮ್ನೆ ಇದ್ದೆವು ಅಷ್ಟೇ.

ಈಗ ಗುಂಪಿನ ವಿಷಯ. ಒಂದೇ ಕ್ಲಾಸಿನ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬ ಇನ್ನೂ ಪುಟ್ಟ ಮಗುವಿನ ಹಾಗೆ ಇರುತ್ತಾನೆ. ಎತ್ತರ ರಭಸವಾಗಿ ಏರುವ ಕಾಲ ಹುಡುಗಿಯರಿಗೆ ಸಾಮಾನ್ಯವಾಗಿ 12ರ ಆಸುಪಾಸು, ಹುಡುಗರಿಗೆ 14ರ ಆಸುಪಾಸು. ಆದರೆ ಒಂದೆರಡು ವರ್ಷ ಆಚೆ ಈಚೆ ಆಗುವುದು ಮಾಮೂಲು. ಆ ಒಂದು ವರ್ಷದಲ್ಲಿ 8-9 ಸೆಂಟಿಮೀಟರ್ ಬೆಳೆದುಬಿಡುತ್ತಾರೆ. ಕೈಕಾಲು ಉದ್ದವಾದ ಮೇಲೆ ದೇಹ ಅದಕ್ಕೆ ಹೊಂದಿಕೊಳ್ಳಲು ಸಮಯ ಬೇಕು, ಹಾಗಾಗಿ ನಿನ್ನೆ ತನಕ ಚೆನ್ನಾಗಿ ಹರ್ಡಲ್ಸ್ ಹಾರುತ್ತಿದ್ದ ಮಗು ಇವತ್ತು ಎಡವುತ್ತದೆ. ನಾವು ಅಂಥವರನ್ನು ಬೈದಿದ್ದೇವೆ. ಇನ್ನು ಮೂರು ತಿಂಗಳಿಗೊಮ್ಮೆ ಎಲ್ಲರ ಎತ್ತರ, ಕೂತಾಗಿನ ಎತ್ತರ, ತೂಕ ಅಳೆಯುತ್ತೇವೆ. ಭಾನುವಾರ ಬೆಳಿಗ್ಗೆಯೇ ಅಳೆಯುವುದು ಯಾಕೆಂದರೆ ದಿನವಿಡೀ ಓಡಾಡಿದ ಮೇಲೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಹೋಗಿ ಸಂಜೆ ಸುಮಾರು ಒಂದು ಸೆಂಟಿಮೀಟರ್ ಕಡಿಮೆ ಬರುತ್ತದೆ. ತೂಕವನ್ನು ಎಲ್ಲರ ಮುಂದೆ ಹೇಳುವುದಿಲ್ಲ. ಜೋರಾಗಿ ಬೆಳೆಯುತ್ತಿರುವ ಮಕ್ಕಳಿಗೆ ಆ ತಿಂಗಳುಗಳಲ್ಲಿ ಜಿಗಿತ ಕಡಿಮೆ, ಬ್ಯಾಲೆನ್ಸ್ ಮತ್ತು ಓಟದ ಭಂಗಿಯ ಕೆಲಸ ಜಾಸ್ತಿ.

ಸಣ್ಣಗಿರುವ ಮಕ್ಕಳ ತಂದೆತಾಯಿಗೆ ಇಲ್ಲೊಂದು ಮಾತು. ಕೆನಡಾದ ಐಸ್ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿಕೊಂಡಿದ್ದಾರೆ ಅಂತ 1985ರಲ್ಲೇ ಸಂಶೋಧಕರು ತೋರಿಸಿದ್ದರು. ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ಸುಮಾರು ಒಂದು ವರ್ಷದ ಅಂತರ, ಆದರೆ ಗುಂಪು ಒಂದೇ. ದೊಡ್ಡವನು ಆಯ್ಕೆಯಾಗುತ್ತಾನೆ, ಅವನಿಗೇ ಒಳ್ಳೆಯ ತರಬೇತಿ ಸಿಗುತ್ತದೆ. ನಮ್ಮಲ್ಲೂ ಹಾಗೆ ಎಷ್ಟು ಮಕ್ಕಳು ಬೇಸರವಾಗಿ ಬಿಟ್ಟುಹೋದರೋ ಅಂತ ಈಗ ಯೋಚನೆಯಾಗುತ್ತದೆ.

14 ವರ್ಷದ ಒಳಗಿನ ಯಾರಿಗೂ ಇನ್ನು ಒಂದೇ ಈವೆಂಟ್ ಅಂತ ಇರುವುದಿಲ್ಲ. ಇದು ಕೆಲವರಿಗೆ ಬೇಸರ ತಂದಿದೆ, ಗೊತ್ತು. ಆದರೆ 6,096 ಕ್ರೀಡಾಪಟುಗಳ ಮಾಹಿತಿ ಒಟ್ಟುಗೂಡಿಸಿ 2021ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, ಅದರಲ್ಲಿ 772 ಜನ ಜಗತ್ತಿನ ಅಗ್ರ ಸಾಲಿನವರು, ದೊಡ್ಡವರಾದ ಮೇಲೆ ಮೇಲಕ್ಕೇರಿದವರು ಚಿಕ್ಕಂದಿನಲ್ಲಿ ಬೇರೆ ಬೇರೆ ಆಟ ಆಡಿದ್ದರು, ತಮ್ಮ ಮುಖ್ಯ ಆಟವನ್ನು ತಡವಾಗಿ ಶುರು ಮಾಡಿದ್ದರು, ಮೊದಮೊದಲು ನಿಧಾನವಾಗಿಯೇ ಮುಂದೆ ಬಂದಿದ್ದರು. ಜೂನಿಯರ್‌ನಲ್ಲೇ ಮಿಂಚಿದವರದ್ದು ಇದರ ತಿರುಗುಮುರುಗು. ಅಂದರೆ 13ಕ್ಕೆ ಕಪ್ ತರುವ ದಾರಿ, 23ಕ್ಕೆ ಚೆನ್ನಾಗಿ ಓಡುವ ದಾರಿ ಎರಡೂ ಒಂದೇ ಅಲ್ಲ. ನಾವು ಎರಡನೆಯದನ್ನು ಆರಿಸಿಕೊಂಡಿದ್ದೇವೆ. ಮುಂದಿನ ವರ್ಷ ಕಪ್ ಒಂದೆರಡು ಕಡಿಮೆ ಬಂದರೂ ಅಡ್ಡಿಯಿಲ್ಲ. ಕ್ರೀಡಾ ಹಾಸ್ಟೆಲ್ ಆಯ್ಕೆಗೆ ತಯಾರಾಗುತ್ತಿರುವ ಮಕ್ಕಳಿದ್ದರೆ ಪೋಷಕರು ಬಂದು ಮಾತಾಡಿ, ಅವರಿಗೆ ಬೇರೆ ಯೋಜನೆ ಮಾಡೋಣ.

ಮೊದಲು ಮೈದಾನಕ್ಕೆ ಎರಡು ಸುತ್ತು ಓಡಿಸಿ ವಾರ್ಮ್ ಅಪ್ ಮುಗಿಯಿತು ಅನ್ನುತ್ತಿದ್ದೆವು. ಈಗ 15 ನಿಮಿಷದ ಕ್ರಮಬದ್ಧ ವ್ಯಾಯಾಮ: ಒಂಟಿ ಕಾಲಿನ ಮೇಲೆ ನಿಲ್ಲುವುದು, ಹಾರಿ ಸರಿಯಾಗಿ ಇಳಿಯುವುದು, ಬೀಳುವುದನ್ನೇ ಕಲಿಯುವುದು. ಫುಟ್‌ಬಾಲ್ ಆಡುವ 7ರಿಂದ 13 ವರ್ಷದ 3,895 ಮಕ್ಕಳ ಮೇಲೆ ಯುರೋಪಿನ ನಾಲ್ಕು ದೇಶಗಳಲ್ಲಿ ಇಂಥ ವಾರ್ಮ್ ಅಪ್ ಪರೀಕ್ಷಿಸಿದಾಗ ಗಾಯಗಳು 48 ಶೇಕಡಾ ಕಡಿಮೆಯಾದವು. ಹಾಗಾಗಿ ತಡವಾಗಿ ಬಂದ ಮಗುವೂ ಇದನ್ನು ಮುಗಿಸದೆ ಓಡುವ ಹಾಗಿಲ್ಲ. ದಯವಿಟ್ಟು 4.45ಕ್ಕೇ ಕಳಿಸಿ.

ಮಳೆಗಾಲದಲ್ಲಿ ಹಾಲ್ ಒಳಗೆ ಶಕ್ತಿಯ ವ್ಯಾಯಾಮ ಇರುತ್ತದೆ. ಭಾರ ಎತ್ತಿದರೆ ಎತ್ತರ ನಿಲ್ಲುತ್ತದೆ ಅಂತ ಹೆದರಬೇಡಿ. ಸರಿಯಾಗಿ ಕಲಿಸಿ, ಪಕ್ಕದಲ್ಲಿ ನಿಂತು ಮಾಡಿಸಿದರೆ ಮಕ್ಕಳಿಗೆ ಅದು ಸುರಕ್ಷಿತ, ಗಾಯವೂ ಕಡಿಮೆಯಾಗುತ್ತದೆ ಅಂತ ಹಲವು ದೇಶಗಳ ತಜ್ಞರು ಸೇರಿ 2014ರಲ್ಲಿ ಹೇಳಿದ್ದಾರೆ. ಮೊದಲು ಸ್ವಂತ ಮೈಭಾರದಲ್ಲೇ ಶುರು.

ನಮ್ಮ ಕೌಂಟರಿನಲ್ಲಿ ಇಡುತ್ತಿದ್ದ ಪ್ರೋಟೀನ್ ಪುಡಿಯ ಡಬ್ಬಗಳನ್ನು ತೆಗೆದಿದ್ದೇವೆ. ನೂರು ಗ್ರಾಂ ಬಾಂಗ್ಡೆಯಲ್ಲೇ ಸುಮಾರು 20 ಗ್ರಾಂ ಪ್ರೋಟೀನ್ ಇದೆ, ಮೀನು ತಿನ್ನದ ಮನೆಯಲ್ಲಿ ಹೆಸರುಕಾಳು, ಹಾಲು, ಮೊಸರು ಇದೆ. ಕಾರವಾರದ ಸೆಕೆಯಲ್ಲಿ ಗಾಳಿಯೇ ಒದ್ದೆಯಾಗಿರುವಾಗ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಹಾಗಾಗಿ ನೀರಿನ ಬಾಟಲಿ ಮರೆಯದೆ ಕೊಡಿ. ಮುರುಗಲು ಪಾನಕ ಕೊಟ್ಟರೆ ಇನ್ನೂ ಒಳ್ಳೆಯದು. ಎನರ್ಜಿ ಡ್ರಿಂಕ್ ಬೇಡವೇ ಬೇಡ.

ಹುಡುಗಿಯರ ತಾಯಂದಿರು ಇದನ್ನು ಗಮನವಿಟ್ಟು ಓದಬೇಕು. ಮುಟ್ಟು ಶುರುವಾದ ಮೇಲೆ ಮೂರು ತಿಂಗಳು ಬರದೇ ನಿಂತರೆ ಅದು ಒಳ್ಳೆಯ ತಾಲೀಮಿನ ಗುರುತಲ್ಲ. ಆಡುವಷ್ಟು ಊಟ ಸಾಲದಿದ್ದರೆ ಹೀಗಾಗಬಹುದು, ಮೂಳೆಗೂ ಕೆಟ್ಟದ್ದು. ಡಾಕ್ಟರಿಗೆ ತೋರಿಸಿ. ನಮ್ಮ ಮಹಿಳಾ ಕೋಚ್ ಹತ್ತಿರ ಮಕ್ಕಳು ನಾಚಿಕೊಳ್ಳದೆ ಹೇಳಬಹುದು.

ಪ್ರತಿ ಮಗುವಿಗೂ ಒಂದು ನೋಟ್‌ಬುಕ್ ಕೊಡುತ್ತೇವೆ. ಪ್ರಾಕ್ಟೀಸ್ ಮುಗಿದು ಅರ್ಧ ಗಂಟೆಯ ಮೇಲೆ, ಇವತ್ತು ಎಷ್ಟು ಕಷ್ಟ ಅನಿಸಿತು ಅಂತ 0ರಿಂದ 10ರೊಳಗೆ ಒಂದು ಅಂಕ ಬರೆಯಬೇಕು. ಅದನ್ನು ನಿಮಿಷಗಳಿಂದ ಗುಣಿಸಿದರೆ ಆ ದಿನದ ಭಾರ: 90 ನಿಮಿಷ, ಅಂಕ 5 ಅಂದರೆ 450. ವಾರದ ಮೊತ್ತ ಒಮ್ಮೆಲೇ ಏರಿದರೆ ನಾವು ಮರುವಾರ ಇಳಿಸುತ್ತೇವೆ. ಅಂಕ ಮಗುವೇ ಬರೆಯಲಿ, ನೀವು ತಿದ್ದಬೇಡಿ. ನೋವಿದ್ದರೆ ಅದೇ ಪುಟದಲ್ಲಿ ಎಲ್ಲಿ ನೋವು ಅಂತ ಬರೆಯಲಿ. ಅಂಥ ಮಗುವನ್ನು ಆ ದಿನ ಓಡಿಸುವುದಿಲ್ಲ, ಟೀಮಿನಿಂದ ತೆಗೆಯುವುದೂ ಇಲ್ಲ.

ಜೂನ್ ನಂತರದ ಫೀಸ್ ಮುಂಗಡ ಕಟ್ಟಿದವರಿಗೆ ತಿಂಗಳಿಗೆ 200 ರೂಪಾಯಿಯಂತೆ ಮುಂದಿನ ತಿಂಗಳುಗಳಿಗೆ ಹೊಂದಿಸುತ್ತೇವೆ, ವಾಪಸ್ ಬೇಕಾದರೆ ಆಫೀಸಿನಲ್ಲಿ ರಸೀದಿ ತೋರಿಸಿ ತೆಗೆದುಕೊಳ್ಳಿ. ಜೂನ್‌ನ ಮೊದಲ ಭಾನುವಾರ ಬೆಳಿಗ್ಗೆ 7ಕ್ಕೆ ಅಳತೆ ಶುರು. ಶಾಲೆಯ ಹೆಲ್ತ್ ಕಾರ್ಡಿನಲ್ಲಿ ಹಳೆಯ ಎತ್ತರ ಬರೆದಿದ್ದರೆ ತನ್ನಿ, ಒಂದು ವರ್ಷದಲ್ಲಿ ಎಷ್ಟು ಬೆಳೆದಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ. ಆ ಹುಡುಗಿಯೂ ಬರುತ್ತಾಳೆ, ಸದ್ಯಕ್ಕೆ ಅವಳಿಗೆ ಜಿಗಿತ ಇಲ್ಲ.

ಇಂತಿ,
ಸಂಘದ ಕೋಚ್‌ಗಳು ಮತ್ತು ಆಡಳಿತ ಸಮಿತಿ
ಕಾರವಾರ